ಮಗ್ಗದ ಕುಣಿಯಲ್ಲಿ ಎದೆಯುರಿ

ಮೂರನೇ ಲಾಳಿಗೆ ಬೇರೆ ಯಾರೂ ಸಿಗಲಿಲ್ಲ, ಹಾಗಾಗಿ ನಾನು ಮಗ್ಗದ ಪಕ್ಕ ಕೂತೆ. ಮೊಳಕಾಲ್ಮೂರಿನ ಈ ನೇಕಾರರ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ದಿನವೂ ನನ್ನನ್ನು ಅಡುಗೆಮನೆಗೆ, ಮಕ್ಕಳ ಹೋಂವರ್ಕಿಗೆ ಬಿಟ್ಟುಕೊಟ್ಟಿದ್ದರು. ನಾನು ಚಳ್ಳಕೆರೆಯವಳು, ಎಣ್ಣೆ ಮಿಲ್ಲಿನ ಗುಮಾಸ್ತರ ಮಗಳು, ಓದಿದ್ದು ಕಾನ್ವೆಂಟಿನಲ್ಲಿ. ಕರ್ಚೀಫಿನ ಮೂಲೆಗೆ ಹೂವು ಹೊಲಿಯುವುದನ್ನು, ಆಕಳಿಸುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಅಲ್ಲಿನ ಸಿಸ್ಟರುಗಳು ಕಲಿಸಿದ್ದರು. ತುಂಡಾದ ರೇಷ್ಮೆ ಎಳೆಗೆ ಕಾಣದ ಹಾಗೆ ಗಂಟು ಹಾಕುವುದು ಅವರಿಗೂ ಗೊತ್ತಿರಲಿಲ್ಲ.

ನೇಯುತ್ತಿದ್ದವಳು ನನ್ನ ನಾದಿನಿ, ಗಂಡನ ಒಬ್ಬಳೇ ತಂಗಿ. ಮನೆಮಾತು ತೆಲುಗಾದ್ದರಿಂದ ನನ್ನನ್ನು ‘ವದಿನಾ’ ಅನ್ನುತ್ತಾಳೆ, ಅತ್ತಿಗೆ ಎಂದು. ಉಳಿದ ಮಾತು ನನ್ನೊಂದಿಗೆ ಕನ್ನಡದಲ್ಲಿ, ಸಿಟ್ಟು ಬಂದರೆ ಮಾತ್ರ ವಾಪಸು ತೆಲುಗಿಗೆ. ಸೀರೆಯ ಮೈಗೆ ಒಂದು ಬಣ್ಣ, ಅಂಚುಗಳಿಗೆ ಇನ್ನೊಂದು ಬಣ್ಣವಿದ್ದಾಗ ಮೂರು ಲಾಳಿ ಓಡಬೇಕು. ಎರಡನ್ನು ಅವಳು ನೋಡಿಕೊಂಡರೆ ಆಚೆ ಅಂಚಿನ ಲಾಳಿಯನ್ನು ಪಕ್ಕದಲ್ಲಿ ಕೂತವರು ಎಸೆಯಬೇಕು. ಆ ಕೆಲಸ ನನ್ನದು. ಮೊದಲ ವಾರ ನಾನು ಎಸೆದ ಲಾಳಿ ಅಂಚಿನಲ್ಲಿ ನಿಲ್ಲದೆ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗೇ ಬೀಳುತ್ತಿತ್ತು. ಅವಳು ಕಾಲ ಬೆರಳಲ್ಲಿ ಅದನ್ನು ಹಿಡಿದೆತ್ತಿ ನನ್ನ ಕೈಗೆ ಕೊಡುತ್ತಿದ್ದಳು, ಏನೂ ಆಗಿಲ್ಲವೆಂಬಂತೆ. ಒಂದು ದಿನ ಮಾತ್ರ, ‘ಕಾನ್ವೆಂಟಲ್ಲಿ ಥ್ರೋಬಾಲ್ ಆಡ್ಸಿದ್ರಾ ವದಿನಾ?’ ಎಂದು ಕೇಳಿ ತಾನೇ ನಕ್ಕು, ನಗು ನಿಲ್ಲದೆ, ಎಳೆಗಳನ್ನು ಬಡಿದು ಕೂರಿಸುವ ಹಣಿಗೆಯ ಮೇಲೆ ತಲೆಯಿಟ್ಟುಬಿಟ್ಟಳು.

ಅವಳ ಆ ನಗು ಈ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಗೋಡೆಗಳೆಲ್ಲ ಟಕಟಕ ಅನ್ನುತ್ತಿರುತ್ತವೆ. ಕೆಲವು ವರ್ಷಗಳ ಹಿಂದೆ ನಾದಿನಿಗೆ ಆ ಸದ್ದಿನೊಳಗೆ ಮಾತು ಕೇಳಲು ಶುರುವಾಯಿತು. ಪಕ್ಕದ ಮನೆಯ ಮಗ್ಗ ತನ್ನ ಹೆಸರು ಹಿಡಿದು ಬಯ್ಯುತ್ತದೆ ಎನ್ನುತ್ತಿದ್ದಳು. ಕಿವಿಗೆ ಹತ್ತಿ ತುರುಕಿಕೊಂಡಳು, ಊಟ ಬಿಟ್ಟಳು, ಕೊನೆಗೆ ತನ್ನ ಮಗ್ಗದ ಮುಂದೆ ಹೋಗುವುದನ್ನೂ ಬಿಟ್ಟಳು. ವಾರಕ್ಕೊಮ್ಮೆ ಚಳ್ಳಕೆರೆಗೆ ಬರುವ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಬೆಳಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಕೆಲವು ತಿಂಗಳಲ್ಲಿ ಪಕ್ಕದ ಮನೆಯ ಮಗ್ಗ ಬರೀ ಮಗ್ಗವಾಯಿತು. ಚೆನ್ನಾಗಿದ್ದೇನಲ್ಲ ಎಂದು ಒಮ್ಮೆ ಅವಳೇ ಮಾತ್ರೆ ನಿಲ್ಲಿಸಿದಳು, ಎರಡು ತಿಂಗಳೊಳಗೆ ಗೋಡೆ ಮತ್ತೆ ಮಾತಾಡಿತು. ಆ ಎರಡನೇ ಸಲದ್ದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಗೊತ್ತು, ಮಾತ್ರೆ ತಪ್ಪಬಾರದು.

ಈ ವರ್ಷ ಅವಳೇ ಬಾಯಿಬಿಟ್ಟು ತನ್ನ ಮಗ್ಗ ತನಗೆ ಕೊಡಿ ಎಂದಳು. ನನ್ನ ಗಂಡ ಸಂತೋಷದಿಂದಲೇ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿ ಕೊಟ್ಟರು. ಆದರೆ ನನ್ನ ಹತ್ತಿರ ಮೆಲ್ಲಗೆ ಇನ್ನೊಂದು ಮಾತೂ ಹೇಳಿದ್ದರು. ಈ ಸೀರೆ ಅವಳ ಕೈಯಲ್ಲಿ ಆಗದಿದ್ದರೆ ಮಗ್ಗವನ್ನು ಕೂಲಿ ನೇಕಾರರಿಗೆ ಬಿಡಬೇಕಾಗುತ್ತದೆ ಎಂದು. ಮೆಲ್ಲಗೆ ಹೇಳಿದ್ದರೂ ಅವಳಿಗೆ ಅದು ಕೇಳಿಸಿತ್ತು. ಮಗ್ಗದ ಮನೆಗಳಲ್ಲಿ ಎಲ್ಲರ ಕಿವಿಯೂ ಚುರುಕು.

ಬೂದುಗೆಂಪಿನ ಮೈ, ಹಸಿರು ಅಂಚು, ಸೆರಗಿನ ತುಂಬ ಮಾವಿನಕಾಯಿ. ಮೂರು ವಾರದಲ್ಲಿ ಸೀರೆ ಅರ್ಧ ದಾಟಿತು. ನನ್ನ ಲಾಳಿಯೂ ನೆಟ್ಟಗೆ ಓಡಲು ಕಲಿತಿತ್ತು. ಪಕ್ಕದಲ್ಲೇ ದಿನವಿಡೀ ಕೂತರೆ ಮನುಷ್ಯರ ಸಣ್ಣ ಸಣ್ಣ ಸಂಗತಿಗಳು ಕಾಣುತ್ತವೆ. ಅವಳು ಹಣಿಗೆ ಬಡಿಯಲು ಮುಂದಕ್ಕೆ ಬಾಗಿದಾಗಲೆಲ್ಲ ಎಡಗೈ ಎದೆಗೂಡಿನ ಕೆಳಗೆ ಹೋಗಿ ಒತ್ತಿಕೊಳ್ಳುತ್ತಿತ್ತು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದು ಸದ್ದಿಲ್ಲದೆ ಒಂದು ತೇಗು. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ನುಂಗುವುದು, ಹುಳಿ ಮೇಲಕ್ಕೆ ಬಂದವರ ಹಾಗೆ. ನಾಲ್ಕು ಎಳೆಗೆ ಒಂದು ಸಲ ಆಗುತ್ತಿದ್ದದ್ದು ಎರಡು ಎಳೆಗೆ ಒಂದು ಸಲವಾಯಿತು. ಕೇಳಿದರೆ, ಎದೆ ಉರಿ ಅಷ್ಟೇ ಎಂದಳು.

ಮನೆಯಲ್ಲಿ ಎದೆಯುರಿ ಎಂದರೆ ಎಲ್ಲರೂ ಡಾಕ್ಟರೇ. ಅತ್ತೆಯ ಸಿದ್ಧಾಂತದಲ್ಲಿ ಆ ಗುಳಿಗೆ ಬಲು ಉಷ್ಣದ್ದು, ಅದು ಹೊಟ್ಟೆಯಲ್ಲಿ ಒಂಟಿಯಾಗಿ ಇದ್ದರೆ ಸುಡುತ್ತದೆ, ಹಾಗಾಗಿ ಅದರ ಕೆಳಗೆ ಗಟ್ಟಿ ಊಟ ಹಾಸಬೇಕು. ಅದಕ್ಕೆ ಸರಿಯಾಗಿ ಈ ಮನೆಯ ಪದ್ಧತಿಯೊಂದಿದೆ. ಒಮ್ಮೆ ಕುಣಿಗೆ ಇಳಿದವರು ಮಧ್ಯಾಹ್ನದವರೆಗೆ ಮೇಲೆ ಬರಬಾರದು, ನಡುವೆ ಎದ್ದರೆ ನೇಯ್ಗೆಯ ಬಿಗಿ ತಪ್ಪುತ್ತದೆ. ಆದ್ದರಿಂದ ಇಳಿಯುವ ಮೊದಲೇ ಹೊಟ್ಟೆ ಬಿರಿಯುವಷ್ಟು ತಿನ್ನಿಸುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ, ಶೇಂಗಾ ಚಟ್ನಿ, ಅದರ ಮೇಲೆ ರಾತ್ರಿ ಉಳಿದ ಮುದ್ದೆಯಿದ್ದರೆ ಅದೂ. ಆಮೇಲೆ ಮಾತ್ರೆ, ಮಾತ್ರೆ ನುಂಗಿದ ನೀರು ಗಂಟಲಲ್ಲಿ ಇರುವಾಗಲೇ ಕುಣಿಗೆ. ಉರಿ ಹೆಚ್ಚಾದಂತೆ ಅತ್ತೆ ಮಗಳ ತಟ್ಟೆಗೆ ಇನ್ನೊಂದು ಬಜ್ಜಿ ಹೆಚ್ಚು ಹಾಕತೊಡಗಿದರು, ಗುಳಿಗೆಯನ್ನು ಚೆನ್ನಾಗಿ ಹಿಡಿದುಕೊಳ್ಳಲಿ ಎಂದು.

ನಾನೇನು ಕಡಿಮೆ ಇರಲಿಲ್ಲ. ಕಾನ್ವೆಂಟಿನಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ ವಯಸ್ಸಾದ ಸಿಸ್ಟರೊಬ್ಬರು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು. ಅದನ್ನು ನೆನೆದು ದಿನಾ ಪುದೀನ ಅರೆದು, ನಿಂಬೆಹಣ್ಣು ಹಿಂಡಿ, ದೊಡ್ಡ ಲೋಟದಲ್ಲಿ ಶರಬತ್ತು ಮಾಡಿ ಮಗ್ಗದ ಹತ್ತಿರವೇ ಇಡುತ್ತಿದ್ದೆ. ಅವಳು ಪಾಪ, ಕುಡಿಯುತ್ತಿದ್ದಳು. ನಾನು ಮುಖ ನೋಡುತ್ತಾ ಕೂತಿರುತ್ತಿದ್ದೆ, ತಂಪಾಯಿತಾ ಎಂದು.

ಒಂದು ಬೆಳಗ್ಗೆ ಲಾಳಿಯ ನೂಲು ಮುಗಿಯಿತು. ನೂಲು ಸುತ್ತಿಟ್ಟ ಹೊಸ ಕಂಡಿಕೆ ತೆಗೆಯಲು ಡಬ್ಬದೊಳಗೆ ಕೈ ಹಾಕಿದೆ. ಹಸಿರು ನೂಲಿನ ಕಂಡಿಕೆಗಳ ಅಡಿಯಲ್ಲಿ, ಕಾಗದದ ಚೂರಿನಲ್ಲಿ ಸುತ್ತಿದ ಬಿಳಿ ಮಾತ್ರೆಗಳು. ಮೂರು. ಮಾತ್ರೆಯ ಹಾಳೆ ದಿನಾ ಸರಿಯಾಗಿ ಖಾಲಿಯಾಗುತ್ತಿತ್ತು. ಖಾಲಿಯಾದದ್ದು ಎಲ್ಲಿಗೆ ಹೋಗುತ್ತಿದೆ ಎಂದು ನಾವ್ಯಾರೂ ನೋಡಿರಲಿಲ್ಲ.

ಕೂಗಾಡಲು ನನಗೆ ಬರುವುದಿಲ್ಲ. ಕಂಡಿಕೆಯನ್ನು ಲಾಳಿಗೆ ತೊಡಿಸಿ, ಕಾಗದದ ಪೊಟ್ಟಣವನ್ನು ಅವಳ ಮುಂದಿದ್ದ ನೇಯ್ದ ಬಟ್ಟೆಯ ಮೇಲೆ ಇಟ್ಟೆ. ಅವಳು ಪೆಡಲು ತುಳಿಯುವುದನ್ನು ನಿಲ್ಲಿಸಿದಳು. ಗೋಡೆಯಾಚೆ ಪಕ್ಕದ ಮನೆಯ ಮಗ್ಗ ನಡೆಯುತ್ತಿತ್ತು. ಅವಳು ಒಂದು ಕ್ಷಣ ಅತ್ತ ತಲೆ ವಾಲಿಸಿ ಕೇಳಿಸಿಕೊಂಡಳು ಅನ್ನಿಸಿತು ನನಗೆ. ನನ್ನ ಭ್ರಮೆಯೂ ಇರಬಹುದು.

‘ಮಾತು ಕೇಳ್ತಾ ಐತಾ?’ ಎಂದೆ.

‘ಇಲ್ಲ. ಇನ್ನೂ ಇಲ್ಲ.’ ಆ ‘ಇನ್ನೂ’ ಅವಳಿಗೂ ಕೇಳಿಸಿರಬೇಕು, ಪೊಟ್ಟಣವನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದಳು. ‘ಆ ಗುಳಿಗೇನೇ ಉರಿ ತರೋದು ವದಿನಾ. ಎದೇಲಿ ಕೆಂಡ ಇಟ್ಟಂಗೆ ಆಗ್ತೈತೆ, ಬಗ್ಗಿದ್ರೆ ಗಂಟಲವರ್ಗೂ ಬರ್ತೈತೆ. ಬಗ್ಗದೆ ಹೆಂಗೆ ನೇಯ್ಲಿ? ಸೀರೆ ಮುಗಿಯೋವರ್ಗೂ ಬಿಡ್ತೀನಿ. ಆಮೇಲೆ ನೀವು ಎಷ್ಟು ಕೊಟ್ರೂ ನುಂಗ್ತೀನಿ.’

ಮಾತ್ರೆ ತಿಂದರೆ ನೇಯಲಾಗದು, ನೇಯದಿದ್ದರೆ ಮಗ್ಗ ಹೋಗುತ್ತದೆ. ಮಾತ್ರೆ ಬಿಟ್ಟರೆ ಸೀರೆ ಮುಗಿಯುವ ಹೊತ್ತಿಗೆ ಅವಳು ಎಲ್ಲಿರುತ್ತಾಳೋ. ಅವಳ ಲೆಕ್ಕದಲ್ಲಿ ತಪ್ಪಿತ್ತು, ಆದರೆ ಆ ಉರಿ ಸುಳ್ಳಾಗಿರಲಿಲ್ಲ. ಮಾತ್ರೆಯ ಡಬ್ಬಿಯೊಳಗಿನ ಮಡಿಸಿದ ಹಾಳೆಯನ್ನು ಅತ್ತೆಯ ಕನ್ನಡಕ ಹಾಕಿಕೊಂಡು ಓದಿದೆ. ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ, ಕೆಲವರಿಗೆ ಆಗಬಹುದಾದ ತೊಂದರೆಗಳ ನಡುವೆ, ಅಜೀರ್ಣ ಮತ್ತು ಎದೆಯುರಿಯೂ ಇತ್ತು. ಅವಳಿಗೆ ಅದನ್ನೇ ಹೇಳಿದೆ. ನೀನು ಹೇಳಿದ್ದು ನಿಜ ಇರಬಹುದು, ಅದನ್ನು ಡಾಕ್ಟರಿಗೂ ಹೇಳೋಣ, ಅಲ್ಲಿಯವರೆಗೆ ಒಂದನ್ನೂ ಬಿಡಬೇಡ ಎಂದು. ಅವಳು ಒಪ್ಪಿದ್ದು ನನ್ನ ಮಾತಿಗಲ್ಲ, ಯಾರೋ ಅಚ್ಚು ಹಾಕಿಸಿದ ಕಾಗದದಲ್ಲಿ ತನ್ನ ಉರಿಯ ಹೆಸರಿದೆ ಎಂಬುದಕ್ಕೆ.

ಎರಡು ದಿನ ಬಿಟ್ಟು ಡಾಕ್ಟರಮ್ಮ ಬರುವ ದಿನ ಬೆಳಗಿನ ಬಸ್ಸು ಹಿಡಿದೆವು. ನಮ್ಮೂರ ಹತ್ತಿರದ ಹಾನಗಲ್ ದಾಟಿದ ಮೇಲೆ ಕಂಬಳಿ ಹೊದ್ದ ಅಜ್ಜಿಯೊಬ್ಬರು ಹತ್ತಿ ನಮ್ಮ ಸೀಟಿನಲ್ಲೇ ಜಾಗ ಮಾಡಿಕೊಂಡು ಕೂತರು. ನಾದಿನಿ ಎದೆ ಒತ್ತಿಕೊಳ್ಳುವುದನ್ನು ಕಂಡು, ಏನಾಯಿತು ತಾಯಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಕುರಿಯೊಂದಕ್ಕೆ ಹೊಟ್ಟೆಯುಬ್ಬರವಾದಾಗ ಎಣ್ಣೆ ಕುಡಿಸಿ ಬೀದಿಯಲ್ಲಿ ಓಡಾಡಿಸಿದ ಕತೆಯನ್ನು ತಳಕಿನವರೆಗೆ ಹೇಳಿದರು. ಕುರಿ ಬದುಕಿತಂತೆ. ‘ಓಡಾಡ್ಬೇಕವ್ವ, ತಿಂದಿದ್ದು ಕೆಳಗಿಳೀಬೇಕು’ ಎಂದು ಇಳಿದು ಹೋದರು. ನಾದಿನಿ ನನ್ನ ಕಿವಿಯಲ್ಲಿ, ಡಾಕ್ಟರಿಗಿಂತ ಮೊದಲು ಕುರಿ ಡಾಕ್ಟರು ಸಿಕ್ಕರು ಎಂದಳು. ಅಲ್ಲಿಯವರೆಗೆ ಮುಖ ಗಂಟಿಕ್ಕಿ ಕೂತಿದ್ದವಳು ಆಮೇಲೆ ಕಿಟಕಿಯಾಚೆ ನೋಡತೊಡಗಿದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಕಾಗದದ ಪೊಟ್ಟಣವನ್ನು ನಾದಿನಿಯೇ ಮೇಜಿನ ಮೇಲೆ ಇಟ್ಟಳು. ಅವರು ಅದನ್ನು ಬಿಚ್ಚಿ ನೋಡಿ, ಹೇಳಿದ್ದು ಒಳ್ಳೆಯದಾಯಿತು ಎಂದರು. ಉರಿ ಯಾವಾಗ, ಎಲ್ಲಿಂದ ಎಲ್ಲಿಗೆ, ತೋಳಿಗೆ ನೋವು ಹಬ್ಬುತ್ತದಾ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದಾ ಎಂದೆಲ್ಲ ಕೇಳಿದರು. ಸುಮ್ಮನೆ ಇರಲಿ ಎಂದು ಹೃದಯದ ಇಸಿಜಿ ಪಟ್ಟಿಯನ್ನೂ ತೆಗೆಸಿದರು, ಅದರಲ್ಲಿ ಏನೂ ತೊಂದರೆ ಇರಲಿಲ್ಲ. ಈ ಮಾತ್ರೆಯಿಂದ ಕೆಲವರಿಗೆ ಎದೆಯುರಿ ಬರುವುದುಂಟು, ಊಟದಿಂದಲೂ ಬರುತ್ತದೆ, ಎರಡೂ ಸೇರಿಯೂ ಬರಬಹುದು ಎಂದರು. ಏನು ತಿನ್ನುತ್ತೀ ಎಂದಾಗ ಅವಳು ಹೇಳಿದ ಪಟ್ಟಿಗೆ ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. ನನ್ನ ಪುದೀನ ನಿಂಬೆ ಶರಬತ್ತಿನ ಸರದಿ ಬಂದಾಗ ನಾನು ಕುರ್ಚಿಯಲ್ಲೇ ಸ್ವಲ್ಪ ಕುಗ್ಗಿದೆ. ಹುಳಿ ಅಷ್ಟೇ ಅಲ್ಲ, ಕೆಲವರಿಗೆ ಪುದೀನವೂ ಉರಿ ಹೆಚ್ಚಿಸುತ್ತದಂತೆ.

ತಿಂದು ಏನು ಮಾಡ್ತೀಯಾ ಎಂದು ಕೇಳಿದರು. ನೇಯುತ್ತೇನೆ ಎಂದಳು. ಹೇಗೆ ಕೂತು ನೇಯ್ತೀಯಾ ಎಂದರು. ಕುಣಿಮಗ್ಗ ಅವರು ನೋಡಿರಲಿಲ್ಲ. ನಾದಿನಿ ಎದ್ದು, ಪರೀಕ್ಷೆ ಮಾಡುವ ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಪಕ್ಕದ ಚಿಕ್ಕ ಮೇಜನ್ನು ಎರಡೂ ಕೈಯಿಂದ ಎಳೆದು ಹೊಟ್ಟೆಗೆ ಒತ್ತಿಕೊಂಡಳು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ಇಲ್ಲಿರುತ್ತದೆ ಎಂದು ತೋರಿಸಿದಳು. ಆಮೇಲೆ ಮುಂದಕ್ಕೆ ಬಾಗಿ ಇಲ್ಲದ ಹಣಿಗೆಯನ್ನು ಬಡಿದಳು. ಮೇಜಿನ ಅಂಚು ಹೊಟ್ಟೆಯೊಳಗೆ ಹೂತುಹೋಯಿತು. ಮೇಜಿನ ಮೇಲಿದ್ದ ಹತ್ತಿಯ ಡಬ್ಬಿ ಉರುಳಿತು.

‘ಇಷ್ಟೊಂದು ಒತ್ತುತ್ತಾ?’ ಎಂದರು ಡಾಕ್ಟರಮ್ಮ.

‘ಮೊದ್ಲು ಒತ್ತುತ್ತಿರ್ಲಿಲ್ಲ. ಗುಳಿಗೆ ತಗೊಂಡ ಮೇಲೆ ನಾನು ದಪ್ಪ ಆದ್ನಲ್ಲ, ಮೇಡಂ. ಮಗ್ಗ ಆಗ್ಲಿಲ್ಲ.’

ನಾನು ಒಂದು ತಿಂಗಳು ಅವಳ ಪಕ್ಕದಲ್ಲೇ ಕೂತಿದ್ದೆ. ಒತ್ತಿಕೊಳ್ಳುವ ಕೈ ನೋಡಿದ್ದೆ, ತೇಗು ಕೇಳಿದ್ದೆ, ರವಿಕೆಯ ಕೆಳಗಿನ ಕೊಕ್ಕೆ ತೆಗೆದಿರುತ್ತಿದ್ದುದನ್ನೂ ನೋಡಿದ್ದೆ. ದಿಂಡಿಗೂ ಅವಳಿಗೂ ನಡುವೆ ಜಾಗವೇ ಇಲ್ಲದ್ದು ಮಾತ್ರ ಕಂಡಿರಲಿಲ್ಲ. ಡಾಕ್ಟರಮ್ಮ ಬಿದ್ದ ಡಬ್ಬಿಯನ್ನು ಎತ್ತಿಡುತ್ತಾ, ಅಷ್ಟು ತಿಂದು ಹೀಗೆ ಕೂತರೆ ಮಾತ್ರೆಯಿಲ್ಲದೆ ನನಗೂ ಉರಿಯುತ್ತೆ ಎಂದು ನಕ್ಕರು. ಉರಿಗೆ ಕೆಲವು ವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಲು ಬೇರೊಂದು ಮಾತ್ರೆ ಬರೆದರು. ಕರಿದದ್ದು, ಹುಳಿ, ಖಾರ ಕಡಿಮೆ. ಸ್ವಲ್ಪ ಸ್ವಲ್ಪವಾಗಿ ತಿನ್ನಬೇಕು, ತಿಂದ ಮೇಲೆ ಬಾಗಬಾರದು, ಮಲಗಬಾರದು, ಅಂಗಡಿಯಿಂದ ಉರಿಯ ಔಷಧಿ ಕೇಳದೆ ತರಬಾರದು. ಇಷ್ಟೆಲ್ಲ ಆಗಿಯೂ ಉರಿ ನಿಲ್ಲದಿದ್ದರೆ ಆಗ ಮನಸ್ಸಿನ ಮಾತ್ರೆಯ ಬಗ್ಗೆ ಯೋಚಿಸೋಣ ಎಂದರು.

ನಾದಿನಿ ಬಾಗಿಲವರೆಗೆ ಬಂದವಳು ನಿಂತಳು. ‘ಆಗ ಬಿಡಬಹುದಾ?’

‘ಬದಲಾಯಿಸೋಕೆ ದಾರಿ ಇದೆಯಮ್ಮ. ಕಡಿಮೆ ಮಾಡೋಕೂ ಇರಬಹುದು. ನನಗೆ ಹೇಳದೆ ಡಬ್ಬಿಗೆ ಹಾಕೋದು ಮಾತ್ರ ದಾರಿಯಲ್ಲ.’

ಮನೆಗೆ ಬಂದು ಎಲ್ಲ ಹೇಳಿದಾಗ ಅತ್ತೆಗೆ ಅರ್ಧ ಸಮಾಧಾನ, ಅರ್ಧ ಅವಮಾನ. ಬಜ್ಜಿಯ ಮೇಲೆ ಆಪಾದನೆ ಬಂದದ್ದು ಅವರಿಗೆ ಸಹಿಸಲಾಗಲಿಲ್ಲ. ಆದರೆ ನಿಜವಾದ ಪ್ರಶ್ನೆ ಮಗ್ಗದ್ದಾಗಿತ್ತು. ಅರ್ಧ ನೇಯ್ದ ಸೀರೆ ಇರುವಾಗ ದಿಂಡನ್ನು ಅಲುಗಿಸುವಂತಿಲ್ಲ. ಹಿಂದಕ್ಕೆ ಸರಿಯಬೇಕಾದ್ದು ಕೂರುವ ಜಾಗವೇ, ಅಂದರೆ ಕುಣಿಯ ಅಂಚನ್ನೇ ಕಡಿಯಬೇಕು. ಆ ಅಂಚನ್ನು ಕಟ್ಟಿದವರು ತೀರಿಹೋದ ನನ್ನ ಮಾವ. ಮಗಳು ಹದಿನೇಳರ ಹುಡುಗಿಯಾಗಿದ್ದಾಗ, ಅವಳ ಹೊಟ್ಟೆಯಿಂದ ದಿಂಡಿಗೆ ಒಂದು ಗೇಣು ಅಳೆದು, ಮಣ್ಣು ತುಳಿದು ಮೆತ್ತಿ, ದುಂಡಗೆ ತಿದ್ದಿದ ಅಂಚು. ಪ್ರತಿ ಹಬ್ಬಕ್ಕೂ ಅತ್ತೆ ಅದನ್ನು ಸಗಣಿಯಿಂದ ಸಾರಿಸುವಾಗ ಬೇರೆ ಯಾರೂ ಕೈಯಿಡುವಂತಿರಲಿಲ್ಲ. ಇಷ್ಟು ವರ್ಷ ಅಳತೆ ನಿಂತೇ ಇತ್ತು, ಅಳತೆಯೊಳಗಿನ ಹುಡುಗಿ ಬದಲಾಗಿದ್ದಳು. ಆಗಿನ ಗೇಣಿನ ಜಾಗದಲ್ಲಿ ಈಗ ಎರಡು ಬೆರಳೂ ತೂರುತ್ತಿರಲಿಲ್ಲ.

ಗಂಡ ಹಾರೆ ಹಿಡಿದು ನಿಂತರು, ಹಾಕಲು ಮನಸ್ಸಾಗಲಿಲ್ಲ. ನಾದಿನಿ ಬೇಡ ಎಂದಳು, ಹೇಗೋ ನೇಯುತ್ತೇನೆ, ಅಪ್ಪ ಮಾಡಿದ್ದನ್ನು ಮುಟ್ಟಬೇಡಿ ಎಂದು. ಅತ್ತೆ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬಾಯಿಯೊಳಗಿನದ್ದನ್ನು ಪೂರ್ತಿ ಅಗಿದು ಮುಗಿಸಿ, ಎದ್ದು ಬಂದು ಮಗನ ಕೈಯಿಂದ ಹಾರೆ ತೆಗೆದುಕೊಂಡರು.

‘ಏಮೇ ಅಮ್ಮಾಯಿ, ಆಯಪ್ಪ ನಿನ್ನ ಹೊಟ್ಟೆ ಅಳೆದು ಮಣ್ಣು ಹಾಕ್ದ. ಮಣ್ಣು ಅಳೆದು ನಿನ್ನ ಹೊಟ್ಟೆ ಮಾಡ್ಲಿಲ್ಲ. ಕೂತ್ಕೋ, ಎಷ್ಟು ಬೇಕು ನೋಡಾನ.’

ನಾದಿನಿ ಕುಣಿಯಲ್ಲಿ ಕೂತು ಹಿಂದೆ ಜರುಗಿದಳು. ಅತ್ತೆ ಅವಳ ಹೊಟ್ಟೆಗೂ ದಿಂಡಿಗೂ ನಡುವೆ ತಮ್ಮ ಗೇಣು ಹಿಡಿದು, ಸಾಲದು ಎಂದು ಇನ್ನೂ ನಾಲ್ಕು ಬೆರಳು ಸೇರಿಸಿದರು. ಮುಂದಕ್ಕೂ ಇರಲಿ ಎಂದರು. ಇನ್ನೂ ದಪ್ಪ ಮಾಡ್ತೀಯಾ ಅಮ್ಮಾ ಎಂದು ಮಗಳು ಕೇಳಿದಳು. ಬಜ್ಜಿ ನಿಲ್ಲಿಸಿದ ಮೇಲೆ ಹೆಂಗೆ ದಪ್ಪ ಆಗ್ತೀಯಾ, ಈಗ ನೀನು ಇಳಿದು ಹೋಗ್ತೀಯಾ, ಆಮೇಲೆ ದಿಂಡು ಕೈಗೆ ಸಿಗಲ್ಲ ಎಂದು ಅತ್ತೆ ರೇಗಿದರು. ಕುಣಿಯ ಅಂಚಿನಿಂದ ಒಣಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ನಾನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿದೆ. ಒಂದು ಹೆಂಟೆಯಲ್ಲಿ ಮಾವನ ಹೆಬ್ಬೆರಳಿನದ್ದಿರಬೇಕು, ಒತ್ತಿದ ಗುರುತಿತ್ತು. ಅದನ್ನು ಅತ್ತೆಗೆ ಕೊಟ್ಟೆ. ಅವರು ನೋಡಿ, ಅದನ್ನೂ ಪುಡಿಮಾಡಿ, ಹೊಸ ಅಂಚು ಮೆತ್ತುವ ಮಣ್ಣಿನೊಳಗೆ ಕಲಸಿಬಿಟ್ಟರು. ಗಂಡ ಪೆಡಲಿನ ಹಗ್ಗ ಸರಿಮಾಡಿ ಕಟ್ಟಿದರು. ಅಂಚು ಒಣಗಲು ಎರಡು ದಿನ ಹಿಡಿಯಿತು, ಆ ಎರಡು ದಿನ ನಾವಿಬ್ಬರೂ ಶಾಲೆಗೆ ರಜೆ ಸಿಕ್ಕ ಹುಡುಗಿಯರ ಹಾಗೆ ಕಂಡಿಕೆ ಸುತ್ತುತ್ತಾ ಹರಟೆ ಹೊಡೆದೆವು.

ಕುಣಿಗೆ ಇಳಿದವರು ನಡುವೆ ಏಳಬಾರದೆಂಬ ಪದ್ಧತಿಯೂ ಆ ಹಾರೆಗೇ ಸಿಕ್ಕಿಹೋಯಿತು. ಬೆಳಗ್ಗೆ ಇಡ್ಲಿಯನ್ನೋ ಗಂಜಿಯನ್ನೋ ಸ್ವಲ್ಪ ತಿಂದು, ಮಾತ್ರೆ ನುಂಗಿ, ನಾದಿನಿ ಬೀದಿಯ ತುದಿಯವರೆಗೆ ಮೂರು ಸುತ್ತು ನಡೆಯತೊಡಗಿದಳು, ಜೊತೆಗೆ ನಾನೂ. ಆಮೇಲೆ ಕೆಲಸ, ಹನ್ನೊಂದಕ್ಕೆ ಎದ್ದು ಮತ್ತೆ ಒಂದಿಷ್ಟು ತಿನ್ನುವುದು, ಮತ್ತೆ ನಡಿಗೆ. ಪಕ್ಕದ ಮನೆಯಾಕೆ ಕಿಟಕಿಯಿಂದ, ‘ಏನ್ರೀ, ಅತ್ತಿಗೆ ನಾದಿನಿ ದಿನಾ ಬೀದಿ ಅಳೀತೀರಾ? ಮಾರೋದಿದ್ರೆ ನಮಗೇ ಕೊಡ್ರಿ’ ಎಂದು ಕೆಣಕುತ್ತಿದ್ದರು. ಸೀರೆಯ ಬಿಗಿ ತಪ್ಪುತ್ತದೆಂದು ಅತ್ತೆ ದಿನಾ ಬೆರಳಿಟ್ಟು ಪರೀಕ್ಷಿಸಿದರು, ತಪ್ಪಲಿಲ್ಲ. ಒಂದು ವಾರದಲ್ಲಿ ಎಡಗೈ ಎದೆಯ ಕೆಳಗೆ ಹೋಗುವುದು ಕಡಿಮೆಯಾಯಿತು, ಎರಡು ವಾರದಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಪೂರ್ತಿ ಹೋಯಿತು ಎನ್ನಲಾರೆ. ಹುಳಿ ತಿಂದ ದಿನ ಇಣುಕುತ್ತಿತ್ತು, ಅವಳು ಹೇಳುತ್ತಿದ್ದಳು, ಮುಚ್ಚಿಡುತ್ತಿರಲಿಲ್ಲ. ಮಾತ್ರೆಯನ್ನು ನಮ್ಮೆದುರೇ ನುಂಗಿ ಬಾಯಿ ತೆರೆದು ತೋರಿಸುತ್ತಿದ್ದಳು, ಮಕ್ಕಳು ಮಾಡುವಂತೆ ನಾಲಗೆ ಅಲ್ಲಾಡಿಸಿ. ಬೇಡವೇ ಮಾರಾಯ್ತಿ, ನಂಬುತ್ತೇನೆ ಎಂದರೂ ಬಿಡುತ್ತಿರಲಿಲ್ಲ.

ಸೀರೆ ಮುಗಿದು ಮಗ್ಗದಿಂದ ಇಳಿದ ದಿನ ಗಂಡ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು. ನನ್ನ ಅಂಚಿನಲ್ಲಿ ಎರಡು ಕಡೆ ಎಳೆ ಸಡಿಲವಾಗಿದ್ದು ಅವರಿಗೆ ಕಾಣದಿರಲು ಸಾಧ್ಯವಿಲ್ಲ, ಆದರೂ ಸೀರೆಯನ್ನು ಮಡಿಸಿಟ್ಟರು. ಮುಂದಿನ ಸೀರೆಗೆ ಯಾವ ಬಣ್ಣ ಬೇಕು ಎಂದು ತಂಗಿಯನ್ನು ಕೇಳಿದರು. ಅವಳು ಉತ್ತರ ಹೇಳಲು ಅರ್ಧ ದಿನ ತೆಗೆದುಕೊಂಡಳು. ಕೇಳಿದ್ದನ್ನೇ ಇನ್ನೂ ಸವಿಯುತ್ತಿದ್ದಳು ಎಂದು ಕಾಣುತ್ತದೆ.

ಮುಂದಿನ ಸಲ ಚಳ್ಳಕೆರೆಗೆ ಹೋಗುವ ದಿನ ನನಗೆ ಜ್ವರ ಬಂತು. ಗಂಡ ಹಾಸು ಹೂಡುತ್ತಿದ್ದರು. ನಾದಿನಿ ತಾನೊಬ್ಬಳೇ ಹೋಗಿ ಬರುತ್ತೇನೆಂದು ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡಳು. ಕಾಯಿಲೆ ಬಂದ ಮೇಲೆ ಅವಳು ಒಬ್ಬಳೇ ಊರು ದಾಟಿರಲಿಲ್ಲ. ನಾನು ಹಾಸಿಗೆಯಲ್ಲಿ ಮಲಗಿ ಬಸ್ಸು ಈಗ ಎಲ್ಲಿರಬಹುದು ಎಂದು ಎಣಿಸುತ್ತಾ, ಜ್ವರಕ್ಕಿಂತ ಅದರಿಂದಲೇ ಹೆಚ್ಚು ಬೆವತೆ.

ಸಂಜೆ ಐದರ ಹೊತ್ತಿಗೆ ಬೀದಿಯ ತುದಿಯಿಂದಲೇ ಅವಳ ದನಿ ಕೇಳಿಸಿತು. ಪಕ್ಕದ ಮನೆಯಾಕೆಯನ್ನು ನಿಲ್ಲಿಸಿಕೊಂಡು ಏನೋ ಹೇಳುತ್ತಿದ್ದಳು. ಅವಳ ಕಾಯಿಲೆಯ ಮಾತನ್ನು ನಾವು ಈ ಬೀದಿಯಲ್ಲಿ ಯಾರ ಮುಂದೆಯೂ ಆಡಿದವರಲ್ಲ. ನಾನು ಕಂಬಳಿ ಸುತ್ತಿಕೊಂಡು ಎದ್ದು ಬಾಗಿಲಿಗೆ ಬಂದೆ. ಕೈಯಲ್ಲಿ ಎರಡು ತಿಂಗಳ ಮಾತ್ರೆಯ ಹಾಳೆಗಳು, ಅವನ್ನೇ ಬೀಸುತ್ತಾ ಮಾತಾಡುತ್ತಿದ್ದಾಳೆ. ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾರೆ.

ನನ್ನನ್ನು ಕಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.

‘ಅಲ್ಲಿ ಹೊಸ ನರ್ಸಮ್ಮ ಬಂದವ್ರೆ ವದಿನಾ. ಚೀಟಿ ಕೊಟ್ಟೆ. ನೋಡಿದ್ರು, ನನ್ನೂ ನೋಡಿದ್ರು. ನೀವು ಬಂದ್ರೆ ಆಗಲ್ಲಮ್ಮ, ಪೇಷಂಟನ್ನ ಕರ್ಕೊಂಡು ಬನ್ನಿ ಅಂದ್ರು. ನಾನೇ ಅಂದೆ. ನಂಬ್ಲೇ ಇಲ್ಲ. ಡಾಕ್ಟರಮ್ಮ ಒಳಗಿಂದ ಬಂದು ಹೇಳ್ಬೇಕಾಯ್ತು.’

ಅತ್ತೆ ಒಳಗಿನಿಂದ ಏನಂತೆ ಎಂದು ಕೂಗಿದರು. ಅವಳು ಚಪ್ಪಲಿ ಬಿಡುತ್ತಾ, ಮೂರನೇ ಸಲ, ಚೀಟಿ ಕೊಟ್ಟಲ್ಲಿಂದ ಹೇಳತೊಡಗಿದಳು.